‘ಹೆಂಗ ಗೊತ್ತು?’ ಬೇರೆ, ‘ಏನ್ ಗೊತ್ತು?’ ಬೇರೆ

ತುಂಗಭದ್ರಾ ಜಲಾಶಯದ ಸುದ್ದಿಯನ್ನು 2024ರಿಂದ ಓದಿಕೊಂಡು ಬಂದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಆ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಂನ ಮೇಲ್ಭಾಗದಿಂದ ನೀರು ಬಿಡುವ ಬಾಗಿಲುಗಳಲ್ಲಿ ಒಂದಾದ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು, ಗೇಟು ನೀರಿನ ಜೊತೆ ಹೋಯಿತು. 60 ಟಿಎಂಸಿಗೂ ಹೆಚ್ಚು ನೀರು ಹೊರಗೆ ಬಿಡದೆ ದುರಸ್ತಿ ಆಗದು ಎಂಬ ಮಾತು ಮೊದಲು ಬಂತು. ಒಂದು ವಾರ ಕಳೆಯುವುದರೊಳಗೆ, ಅಷ್ಟು ನೀರು ಖಾಲಿಯಾಗುವ ಮೊದಲೇ, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಹಲಗೆ, ಇಳಿಸಿದರು. ಆಮೇಲೆ ಮಳೆ ಬಂದು ಡ್ಯಾಂ ಮತ್ತೆ ತುಂಬಿತು. ಮರುವರ್ಷ 33 ಗೇಟುಗಳನ್ನೂ ಬದಲಿಸಬೇಕು ಎಂದರು, ಮಳೆಗಾಲದಲ್ಲಿ ಸುಮಾರು 80 ಟಿಎಂಸಿಗೇ ನೀರು ನಿಲ್ಲಿಸಿದರು, ಎರಡನೇ ಬೆಳೆಗೆ ನೀರಿಲ್ಲ ಎಂದರು.

ದೊಡ್ಡವರು ಇದನ್ನೆಲ್ಲ ರಾಜಕೀಯದ ಖಾತೆಗೆ ಹಾಕಿ ಸುಮ್ಮನಾಗುತ್ತಾರೆ. ಏಳನೇ ಕ್ಲಾಸಿನ ಹುಡುಗ ಸುಮ್ಮನಾಗುವುದಿಲ್ಲ. ಹೋದ ವರ್ಷ 105 ಟಿಎಂಸಿ ಹಿಡಿದ ಡ್ಯಾಂ ಈ ವರ್ಷ ಯಾಕೆ ಹಿಡಿಯಲ್ಲ? 60 ಬಿಡಬೇಕು ಅಂದವರು ತಪ್ಪು ಹೇಳಿದ್ರಾ? ಇದೆಲ್ಲ ಇವರಿಗೆ ಹೆಂಗ ಗೊತ್ತು?

ಕೊನೆಯ ಪ್ರಶ್ನೆ ಕೇಳಿದ ಕೂಡಲೇ ‘ನೀ ಸುಮ್ನ ಕೂಡು, ಎಂಜಿನಿಯರ್‌ಗಿಂತ ಶಾಣ್ಯಾ ಆಗಬ್ಯಾಡ’ ಎಂಬ ಉತ್ತರ ಬರುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಈಗ ನೀರು, ಗಾಳಿ, ಊಟ ಮೂರರ ಬಗ್ಗೆಯೂ ತಜ್ಞರ ವರದಿಗಳು ಬರುತ್ತಿವೆ. ಒಂದು ವರದಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಮಗು ತಜ್ಞರನ್ನು ಪ್ರಶ್ನಿಸಬಹುದಾ ಎಂಬುದು ಬರೀ ಶಾಲೆಯ ಶಿಸ್ತಿನ ವಿಷಯವಾಗಿ ಉಳಿದಿಲ್ಲ.

ಡ್ಯಾಂ ಹಿಗ್ಗಿತಾ?

ಗೇಟಿನ ಕಥೆಗಿಂತ ಹಳೆಯ, ಇನ್ನೂ ಸೋಜಿಗದ ಲೆಕ್ಕ ಒಂದಿದೆ. 1953ರಲ್ಲಿ ನೀರು ತುಂಬಲು ಶುರುವಾದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬುತ್ತಾ ಹೋಯಿತು. 2008ರ ಸರ್ವೆಯಲ್ಲಿ ಅದು 100.855 ಟಿಎಂಸಿಗೆ ಇಳಿದಿತ್ತು. 2016ರ ಸರ್ವೆಯಲ್ಲಿ? 105.788 ಟಿಎಂಸಿ.

ಎಂಟು ವರ್ಷದಲ್ಲಿ ಹೂಳು ಇನ್ನಷ್ಟು ಬರಬೇಕಿತ್ತು. ಯಾರೂ ಹೂಳು ಎತ್ತಿ ಬರಿದು ಮಾಡಲಿಲ್ಲ. ಆದರೂ ಜಾಗ ಸುಮಾರು 5 ಟಿಎಂಸಿ ಜಾಸ್ತಿ ಆಯಿತು. ಮಗ್ಗಿ ಬರುವ ಯಾವ ಮಗುವಾದರೂ ಇಲ್ಲಿ ಕೈ ಎತ್ತಬೇಕು. ಕೈ ಎತ್ತದಿದ್ದರೆ ಚಿಂತೆ ಮಾಡಬೇಕಾದದ್ದು ನಾವು.

ಉತ್ತರ ಹುಡುಕುವುದು ಕಷ್ಟವಲ್ಲ, ಒಂದು ಗುಣಾಕಾರ ಸಾಕು. ತುಂಬಿದಾಗ ಈ ಜಲಾಶಯದ ನೀರು ಹರಡುವ ಜಾಗ ಸುಮಾರು 378 ಚದರ ಕಿಲೋಮೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಐದು ಟಿಎಂಸಿ ನೀರನ್ನು ಇಷ್ಟು ಅಗಲದ ಜಾಗದ ಮೇಲೆ ಸಮನಾಗಿ ಹರಡಿದರೆ ಎಷ್ಟು ಎತ್ತರ ನಿಲ್ಲುತ್ತದೆ? 37 ಸೆಂಟಿಮೀಟರ್. ಒಂದು ಮೊಳವೂ ಆಗುವುದಿಲ್ಲ.

ನೀರಿನೊಳಗಿನ ನೆಲವನ್ನು ಯಾರೂ ಕಣ್ಣಲ್ಲಿ ನೋಡಿ ಅಳೆಯುವುದಿಲ್ಲ. ದೋಣಿಯಲ್ಲಿ ಹೋಗುತ್ತಾ ಸದ್ದಿನ ಅಲೆಯನ್ನು ಕೆಳಗೆ ಬಿಡುತ್ತಾರೆ, ಅದು ತಳ ಮುಟ್ಟಿ ವಾಪಸು ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುತ್ತಾರೆ. ದೋಣಿ ಹೋದ ಗೆರೆಗಳ ಮೇಲಿನ ಆಳ ಸಿಗುತ್ತದೆ. ಎರಡು ಗೆರೆಗಳ ನಡುವಿನ ನೆಲ ಊಹೆಯ ಲೆಕ್ಕ. ಗೆರೆಗಳು ಹತ್ತಿರ ಬಂದರೆ, ಯಂತ್ರ ಬದಲಾದರೆ, ಲೆಕ್ಕ ಕಟ್ಟುವ ವಿಧಾನ ಬದಲಾದರೆ ಉತ್ತರವೂ ಬದಲಾಗುತ್ತದೆ. ಹತ್ತಾರು ಕಿಲೋಮೀಟರ್ ಉದ್ದದ ನೀರಿನಡಿ ಸರಾಸರಿ ಒಂದು ಮೊಳಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಅದು ಮೋಸವೇನಲ್ಲ, ಅಳತೆಯ ಸ್ವಭಾವ ಅಷ್ಟೆ.

ಆದರೆ ಇದನ್ನು ಯಾರೂ ಹೇಳುವುದಿಲ್ಲವಲ್ಲ! ಪೇಪರಿನಲ್ಲಿ ‘105.788’ ಎಂದು ದಶಾಂಶದ ಆಚೆ ಮೂರು ಅಂಕಿ ಬರುತ್ತದೆ, ತಕ್ಕಡಿಯಲ್ಲಿ ತೂಗಿದ ಚಿನ್ನದ ಹಾಗೆ. ಸರ್ವೆಯಿಂದ ಸರ್ವೆಗೆ ಐದು ಟಿಎಂಸಿ ಆಚೀಚೆ ಆಗುವ ಅಳತೆಗೆ ಇಷ್ಟೊಂದು ದಶಾಂಶ ಯಾಕೆ? ಮೂರು ರಾಜ್ಯಗಳು ನೀರು ಹಂಚಿಕೊಳ್ಳುವಾಗ ಒಂದು ಅಂಕಿಗೆ ಗಂಟು ಬೀಳಲೇಬೇಕು, ಅದು ಆಡಳಿತದ ಕಾರಣ. ಅಂಕಿಯ ಹಿಂದಿನ ಅಂದಾಜನ್ನು ಮುಚ್ಚಿಟ್ಟು ಖಚಿತತೆಯನ್ನು ಮಾತ್ರ ತೋರಿಸಿದಾಗ ಮುಂದಿನ ಸರ್ವೆಯ ಅಂಕಿ ಸುಳ್ಳಿನಂತೆ ಕಾಣುತ್ತದೆ. ಜನರ ಅಪನಂಬಿಕೆಯ ಒಂದು ಬೇರು ಇಲ್ಲಿದೆ.

ಗೇಟಿನ ವಿಷಯದಲ್ಲೂ ಆದದ್ದು ಇದೇ. 60 ಟಿಎಂಸಿ ಎಂಬ ಮೊದಲ ಮಾತು ನೀರಿನ ಮಟ್ಟ ಗೇಟಿನ ಬುಡಕ್ಕಿಂತ ಕೆಳಗೆ ಇಳಿಯಬೇಕು ಎಂಬ ಲೆಕ್ಕದ್ದು. ಬಂದ್ ಮಾಡುವ ಹಲಗೆಯನ್ನು ತುಂಡುತುಂಡಾಗಿ, ಹರಿಯುವ ನೀರಲ್ಲೇ ಇಳಿಸಬಹುದು ಎಂಬುದು ಆಮೇಲಿನ ಯೋಚನೆ. ಕ್ರಸ್ಟ್ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆ ಕೆಲಸ ಆಯಿತು. ಮೂವತ್ತಕ್ಕೂ ಹೆಚ್ಚು ಟಿಎಂಸಿ ನದಿಗೆ ಹೋಯಿತು, ಉಳಿದದ್ದು ಉಳಿಯಿತು. ಮೊದಲ ಲೆಕ್ಕ ಅದರ ಷರತ್ತಿನೊಳಗೆ ಸರಿಯಾಗಿಯೇ ಇತ್ತು. ‘ಬೇರೆ ದಾರಿ ಇಲ್ಲವಾ?’ ಎಂದು ಕೇಳಿದ್ದರಿಂದ ಷರತ್ತೇ ಬದಲಾಯಿತು.

ಒಂದು ಪದದ ಅಂತರ

‘ನಿಮಗ ಹೆಂಗ ಗೊತ್ತು ರೀ ಸರ?’ ಎಂದು ಮಗು ಕೇಳುತ್ತದೆ. ‘ನಿಮಗೇನ್ ಗೊತ್ತು?’ ಎಂದು ಚಹಾದಂಗಡಿಯಲ್ಲಿ ಕೂತ ದೊಡ್ಡವರು ಕೇಳುತ್ತಾರೆ. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಕುರ್ಚಿಯಲ್ಲಿ ಕೂತವರಿಗಂತೂ ಎರಡೂ ಎದುರುತ್ತರವೇ.

ಮೊದಲನೆಯದು ಉತ್ತರ ಬೇಡುತ್ತದೆ. ಅಳೆದದ್ದು ಯಾರು, ಯಾವಾಗ, ಯಾವುದರಿಂದ ಎಂದು ತಿಳಿದರೆ ಅದು ತೃಪ್ತಿಯಾಗುತ್ತದೆ, ಇಲ್ಲವೇ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಎರಡನೆಯದಕ್ಕೆ ಉತ್ತರ ಬೇಕಾಗಿಲ್ಲ. ಕೇಳಿದವನು ಆಗಲೇ ತೀರ್ಮಾನ ಮಾಡಿ ಎದ್ದು ಹೊರಟಿದ್ದಾನೆ. ಸೋಶಿಯಲ್ ಮೀಡಿಯಾದಲ್ಲಿ ‘ಪ್ರಶ್ನೆ ಮಾಡಿ’ ಎಂದು ಕೂಗುವ ವಿಡಿಯೊಗಳಲ್ಲಿ ಬಹುಪಾಲು ಎರಡನೆಯ ಜಾತಿಯವು.

ಮೊದಲನೆಯ ಪ್ರಶ್ನೆಗೆ ಉತ್ತರ ಸಿಗದೆ ಸಿಗದೆ ಅದೇ ಎರಡನೆಯದಾಗುತ್ತದೆ. ಹತ್ತು ವರ್ಷದ ಹುಡುಗಿಗೆ ‘ಸುಮ್ನ ಕೂಡು’ ಎಂದವರು, ಅವಳು ಮೂವತ್ತಕ್ಕೆ ಬಂದು ಲಸಿಕೆ ಬೇಡ ಎಂದಾಗ ‘ಜನರಿಗೆ ವಿಜ್ಞಾನದ ಮೇಲೆ ನಂಬಿಕೆಯೇ ಇಲ್ಲ’ ಎಂದು ಗೊಣಗುತ್ತಾರೆ.

ಎರಡು ಕಡೆಯ ವಾದ

ಒಂದು ಕಡೆಯವರು ಹೇಳುವುದು ಹೀಗೆ: ತಜ್ಞತೆ ಸುಮ್ನೆ ಬರುವುದಿಲ್ಲ. ಹೃದಯ ಕೊಯ್ಯುವವರನ್ನು, ಡ್ಯಾಂ ಕಾಯುವವರನ್ನು ಪ್ರತಿ ಹೆಜ್ಜೆಗೂ ತಡೆದು ಕೇಳುತ್ತಾ ಕೂತರೆ ಕೆಲಸ ನಡೆಯುವುದಿಲ್ಲ. ಆಗಸ್ಟ್ 10ರ ರಾತ್ರಿ ನದಿ ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋದಾಗ ‘ನಿಮಗೆ ಹೇಗೆ ಗೊತ್ತು’ ಎಂದು ಚರ್ಚೆ ಮಾಡುವ ಹೊತ್ತಾಗಿರಲಿಲ್ಲ. ಮೊದಲು ದಂಡೆ ಬಿಟ್ಟು ಏಳಬೇಕಿತ್ತು. ಈ ವಾದದಲ್ಲಿ ಹುರುಳಿದೆ.

ಇನ್ನೊಂದು ಕಡೆಯವರು ಸಂವಿಧಾನ ತೋರಿಸುತ್ತಾರೆ. 1976ರ 42ನೇ ತಿದ್ದುಪಡಿಯಿಂದ ಬಂದ 51ಎ ವಿಧಿ, ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸಿ ತಿಳಿಯುವ ಗುಣ ಬೆಳೆಸಿಕೊಳ್ಳುವುದನ್ನು ನಾಗರಿಕರ ಕರ್ತವ್ಯ ಎನ್ನುತ್ತದೆ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಅವರ ಹೆಸರನ್ನು ನಾವು ಈಗಲೂ ಅಭಿಮಾನದಿಂದ ಹೇಳುತ್ತೇವೆ. ಪ್ರಶ್ನೆ ಬಾಬಾಗಳ ಕಡೆ ತಿರುಗಿದರೆ ಚಪ್ಪಾಳೆ ತಟ್ಟುತ್ತೇವೆ. ಅದೇ ಪ್ರಶ್ನೆ ಡಾಕ್ಟರ್, ಎಂಜಿನಿಯರ್, ವಿಜ್ಞಾನದ ಮೇಷ್ಟ್ರ ಕಡೆ ತಿರುಗಿದರೆ ಮುಖ ಕಪ್ಪಿಡುತ್ತದೆ.

ಎರಡು ವಾದಗಳೂ ಒಂದು ವಿಷಯ ಮರೆಯುತ್ತವೆ ಎಂದು ನನಗನಿಸುತ್ತದೆ: ಹೊತ್ತು. ನೀರು ಏರುವಾಗ ಮಾತು ಕೇಳಬೇಕು, ಇಳಿದ ಮೇಲೆ ಲೆಕ್ಕ ಕೇಳಬೇಕು. ನಮ್ಮಲ್ಲಿ ಆಗುವುದು ತಿರುಗಾಮುರುಗಾ. ಪ್ರವಾಹದ ದಿನ ಟಿವಿಯಲ್ಲಿ ಎಲ್ಲರೂ ಎಂಜಿನಿಯರ್‌ಗಳು. ಆರು ತಿಂಗಳ ಮೇಲೆ ವರದಿ ಬಂದಾಗ ಓದುವವರಿಲ್ಲ.

ಮಾಳಿಗೆ ಮೇಲಿನ ಕಪ್ಪು

ಕೊಪ್ಪಳಕ್ಕೆ ಬರೋಣ. ಹೊಸ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿಯಲ್ಲಿ ಪಟ್ಟಣ ಬಂದ್ ಆಯಿತು, ಗವಿಮಠದ ಸ್ವಾಮೀಜಿಯವರೂ ಹೋರಾಟದಲ್ಲಿ ನಿಂತರು. ಪಟ್ಟಣದ ಹತ್ತಿರದ ಗಿಣಿಗೇರಾ ಸುತ್ತಮುತ್ತ ಮೊದಲಿನಿಂದಲೂ ಕಾರ್ಖಾನೆಗಳಿವೆ. ಅಲ್ಲಿನ ಜನರ ದೂರು ಒಂದೇ: ಮಾಳಿಗೆ, ಬೆಳೆ, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೆ ಕಪ್ಪು ದೂಳು ಕೂರುತ್ತದೆ. ಕೆಲಸ ಬೇಕು ಎನ್ನುವವರೂ ಅದೇ ಊರುಗಳಲ್ಲಿದ್ದಾರೆ. ಇಂಥ ಕಡೆ ‘ಗಾಳಿ ಮಿತಿಯೊಳಗಿದೆ’ ಎಂಬ ವರದಿ ಬಂದರೆ ಮಗು ಏನು ತಿಳಿಯಬೇಕು? ಕಣ್ಣು ಸುಳ್ಳಾ, ವರದಿ ಸುಳ್ಳಾ?

ಎರಡೂ ಸುಳ್ಳಾಗದೆ ಇರಬಹುದು. ಗಾಳಿ ಅಳೆಯುವ ಯಂತ್ರ ಹುಡುಕುವುದು 10 ಮೈಕ್ರಾನ್‌ಗಿಂತ, 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು, ಯಾಕೆಂದರೆ ಅವು ಎದೆಯೊಳಗೆ ಇಳಿಯುತ್ತವೆ. ತಲೆಗೂದಲ ದಪ್ಪವೇ ಸುಮಾರು 70 ಮೈಕ್ರಾನ್. ಕೈಗೆ ಹತ್ತುವ ಕಪ್ಪು ಚೂರುಗಳಲ್ಲಿ ಹೆಚ್ಚಿನವು 10 ಮೈಕ್ರಾನ್‌ಗಿಂತ ದಪ್ಪ, ಬೇಗ ನೆಲಕ್ಕೆ ಬೀಳುತ್ತವೆ, ಆ ಯಂತ್ರದ ಲೆಕ್ಕಕ್ಕೆ ಬರುವುದೇ ಇಲ್ಲ. ಮಾಳಿಗೆ ಕಪ್ಪಾಗಿದ್ದರೂ ಯಂತ್ರ ‘ಪರವಾಗಿಲ್ಲ’ ಎನ್ನಬಹುದು. ಮಾಳಿಗೆ ಸ್ವಚ್ಛವಾಗಿದ್ದಾಗ ಯಂತ್ರ ‘ಅಪಾಯ’ ಎನ್ನಬಹುದು, ಅದು ಇನ್ನೂ ಕೆಟ್ಟದ್ದು.

ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಯಂತ್ರವನ್ನು ಎಲ್ಲಿ ಇಟ್ಟಿದ್ದರು, ಗಾಳಿ ಬೀಸುವ ದಿಕ್ಕಿಗೋ, ಆಚೆಗೋ? 24 ಗಂಟೆಯ ಸರಾಸರಿ ತೆಗೆದರೆ ರಾತ್ರಿ ಎರಡು ತಾಸು ಬಿಟ್ಟ ಹೊಗೆ ಅದರಲ್ಲಿ ಕರಗಿಹೋಗುತ್ತದೆ ಅಲ್ವಾ? ಹೊಸ ಕಾರ್ಖಾನೆಗೆ ಪರಿಸರ ಪರಿಣಾಮದ ವರದಿ ಮಾಡುವಾಗ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತು, ಅಂದರೆ ಮೂರು ತಿಂಗಳ ಗಾಳಿ ಅಳೆಯುತ್ತಾರೆ. ಉಳಿದ ಒಂಬತ್ತು ತಿಂಗಳು? ವರದಿ ಬರೆಯುವ ಸಂಸ್ಥೆಗೆ ಹಣ ಕೊಡುವುದು ಕಾರ್ಖಾನೆ ಕಟ್ಟುವವರೇ. ಅಷ್ಟಕ್ಕೇ ವರದಿ ಸುಳ್ಳು ಎಂದಾಗುವುದಿಲ್ಲ, ಆದರೆ ಇನ್ನೊಮ್ಮೆ ಓದಲು ಅದು ಸಾಕಾದ ಕಾರಣ.

ಇನ್ನು ‘ಮಿತಿ’ ಎಂಬ ಪದ. ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ಭಾರತದ ದಿನದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ, 2009ರಿಂದ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಮ್ಮ ಮಕ್ಕಳ ಶ್ವಾಸಕೋಶ ನಾಲ್ಕು ಪಟ್ಟು ಗಟ್ಟಿಯಾಗೇನೂ ಇಲ್ಲ. 15 ಎಂಬುದು ಆರೋಗ್ಯವನ್ನಷ್ಟೇ ನೋಡಿ ಹಾಕಿದ ಅಂಕಿ. 60 ಎಂಬುದು ನಮ್ಮ ನೆಲದ ದೂಳು, ಉದ್ಯಮ, ಖರ್ಚು ಎಲ್ಲ ಲೆಕ್ಕ ಹಾಕಿ ದೇಶ ಮಾಡಿಕೊಂಡ ಒಪ್ಪಂದ. ಮೊದಲನೆಯದರಲ್ಲಿ ವಿಜ್ಞಾನಿಗಳ ಮಾತಿಗೆ ತೂಕ ಜಾಸ್ತಿ. ಎರಡನೆಯದರಲ್ಲಿ ಆ ಗಾಳಿ ಉಸಿರಾಡುವವರ ಮಾತಿಗೂ ತೂಕ ಇರಬೇಕು. ‘ತಜ್ಞರು ಹೇಳಿದ್ದಾರೆ’ ಎಂಬ ಒಂದೇ ಹೊದಿಕೆಯಡಿ ಎರಡನ್ನೂ ತಂದಾಗ ಗೊಂದಲ ಹುಟ್ಟುತ್ತದೆ.

ಪೇಸ್ಟಿನಲ್ಲಿ ಒಳ್ಳೇದು, ಬೋರಿನಲ್ಲಿ ಕೆಟ್ಟದ್ದು

ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳಿಗೆ ಫ್ಲೋರೈಡ್ ಎಂಬ ಪದ ಹೊಸದಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಬಹಳ ವರ್ಷ ಕುಡಿದರೆ ಎಲುಬಿಗೂ ತೊಂದರೆ. ಅದೇ ಮಕ್ಕಳು ಟಿವಿಯಲ್ಲಿ ‘ಫ್ಲೋರೈಡ್ ಇರುವ ಪೇಸ್ಟ್, ಗಟ್ಟಿ ಹಲ್ಲು’ ಎಂದು ನೋಡುತ್ತಾರೆ.

ಲೆಕ್ಕ ಮಾಡಿದರೆ ಗೊಂದಲ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5 ತನಕ. ಪೇಸ್ಟಿನಲ್ಲಿ ಕೆಜಿಗೆ 1,000 ಮಿಲಿಗ್ರಾಂ ತನಕ ಇರಬಹುದು. ಸಾವಿರ ಪಟ್ಟು! ಆದರೆ ಪೇಸ್ಟು ಹಚ್ಚುವುದು ಬಟಾಣಿ ಕಾಳಿನಷ್ಟು, ಕಾಲು ಗ್ರಾಂ. ಅದರಲ್ಲಿರುವುದು ಕಾಲು ಮಿಲಿಗ್ರಾಂ, ಅದನ್ನೂ ಉಗುಳುತ್ತೇವೆ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರಿನ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 9 ಮಿಲಿಗ್ರಾಂ, ಅಡುಗೆಯದು ಬೇರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ದಟ್ಟವಾಗುತ್ತದೆ. ‘ನೀರು ಕುದಿಸಿ ಕುಡಿಯಿರಿ’ ಎಂಬ ಒಳ್ಳೆಯ ಸಲಹೆ, ಸೂಕ್ಷ್ಮಜೀವಿಗಳಿಗೆ ಸರಿಯಾದದ್ದು, ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾವ ಸಲಹೆ ಯಾವ ರೋಗಕ್ಕೆ ಎಂದು ಕೇಳದಿದ್ದರೆ ಇದು ಗೊತ್ತಾಗುವುದೇ ಇಲ್ಲ.

ತಜ್ಞರ ಎದುರು ತಜ್ಞರು

ಮೊಟ್ಟೆಯ ವಿಷಯದಲ್ಲಿ ಮಕ್ಕಳು ಬರೀ ಕೇಳುಗರಲ್ಲ, ತಟ್ಟೆ ಅವರದೇ. 2021ರ ಡಿಸೆಂಬರ್‌ನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ಮರುವರ್ಷ, ಹೊಸ ಶಿಕ್ಷಣ ನೀತಿಗಾಗಿ ರಾಜ್ಯ ಮಾಡಿದ್ದ, ನಿಮ್ಹಾನ್ಸ್ ವೈದ್ಯರೊಬ್ಬರ ನೇತೃತ್ವದ ಸಮಿತಿ ಬಿಸಿಯೂಟಕ್ಕೆ ಮೊಟ್ಟೆ ಬೇಡ ಎಂಬ ಅರ್ಥದ ವರದಿ ಕೊಟ್ಟಿತು. ಪೌಷ್ಟಿಕತೆಯ ಬಗ್ಗೆ ಕೆಲಸ ಮಾಡುವ ಬೇರೆ ವೈದ್ಯರು ಅದನ್ನು ಕಟುವಾಗಿ ಟೀಕಿಸಿದರು. ಇಬ್ಬರೂ ಡಾಕ್ಟರೇ.

ಪದವಿ ನೋಡಿ ತೀರ್ಮಾನ ಮಾಡಲು ಹೋದರೆ ಇಲ್ಲಿ ಸೋಲುತ್ತೇವೆ. ಹೇಗೆ ಗೊತ್ತು ಎಂದು ಕೇಳಿದರೆ ದಾರಿ ಕಾಣುತ್ತದೆ. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗಿನ ಮಕ್ಕಳನ್ನೂ ತೂಗಿ, ಅಳೆದು ಹೋಲಿಸಿತ್ತು. ಯಾದಗಿರಿಯ ಮಕ್ಕಳ ಬೆಳವಣಿಗೆ ಜಾಸ್ತಿ ಕಂಡಿತು. ಒಂದು ಕಡೆ ಅಭಿಪ್ರಾಯ, ಇನ್ನೊಂದು ಕಡೆ ತಕ್ಕಡಿ. ಆದರೆ ತಕ್ಕಡಿಯನ್ನೂ ಕೇಳಬೇಕು: ಎರಡು ಜಿಲ್ಲೆಯ ಮಕ್ಕಳು ಶುರುವಿನಲ್ಲಿ ಒಂದೇ ತೂಕ ಇದ್ದರಾ? ಮನೆಯ ಊಟ ಒಂದೇ ಥರವಾ? ಈ ಪ್ರಶ್ನೆ ಕೇಳಿದರೆ ಮೊಟ್ಟೆಯ ವಿರೋಧಿ ಎಂದಾಗುವುದಿಲ್ಲ. ಒಳ್ಳೆಯ ಸಂಶೋಧಕರು ತಮ್ಮ ವರದಿಗೆ ತಾವೇ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು.

ಪ್ರಶ್ನೆ ಎಲ್ಲಿ ನಿಲ್ಲುತ್ತದೆ

ಮೇಷ್ಟ್ರನ್ನು ಬೈದು ಮುಗಿಸುವುದು ಸುಲಭ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಿಂದೆ ಬೀಳುತ್ತವೆ ಎಂಬ ಒತ್ತಡ ಪ್ರತಿ ವರ್ಷವೂ ಇದೆ. ಆ ಒತ್ತಡದಲ್ಲಿ ಪರೀಕ್ಷೆಗೆ ಬರದ ಪ್ರಶ್ನೆ ಎಂದರೆ ಹಾಳಾದ ಹತ್ತು ನಿಮಿಷ. ‘ನನಗೂ ಗೊತ್ತಿಲ್ಲ, ನೋಡೋಣ’ ಎಂದರೆ ಕ್ಲಾಸಿನಲ್ಲಿ ಮರ್ಯಾದೆ ಹೋಗುತ್ತದೆ ಎಂಬ ಭಯ ಬೇರೆ. ಹಾಗಾಗಿ ಪಠ್ಯದಲ್ಲಿ ವಿಜ್ಞಾನವೆಂದರೆ ಮುಗಿದುಹೋದ ಉತ್ತರಗಳ ಪಟ್ಟಿ. ಅಂಥ ಪಟ್ಟಿಯನ್ನೇ ಕಲಿತವರಿಗೆ, ಉತ್ತರ ಬದಲಾದ ದಿನ ವಿಜ್ಞಾನವೇ ಮೋಸ ಅನಿಸುತ್ತದೆ.

ದಾರಿಗಳು ಇಲ್ಲವೆಂದಲ್ಲ. ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ದೇಶದಲ್ಲಿ ನಡೆಯುತ್ತಿದೆ, 10ರಿಂದ 17 ವರ್ಷದವರು ತಮ್ಮೂರಿನ ಸಮಸ್ಯೆಯನ್ನೇ ಅಳೆದು ವರದಿ ಮಾಡುತ್ತಾರೆ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ಕೊಟ್ಟಿದ್ದಾರೆ. ಸಭೆಯಲ್ಲಿ ಕಂಪೌಂಡ್, ಶೌಚಾಲಯದ ಬೇಡಿಕೆಗಳು ಬರುತ್ತವೆ, ಬರಲಿ. ಅದೇ ಸಭೆಗೆ ಆ ಕಿಟ್ ತಂದು ಊರಿನ ಬೋರಿನ ನೀರನ್ನು ಮಕ್ಕಳ ಎದುರೇ ಪರೀಕ್ಷಿಸಬಹುದಲ್ಲ. ಬಣ್ಣ ಬದಲಾದದ್ದನ್ನು ಕಣ್ಣಾರೆ ಕಂಡ ಮಗುವಿಗೆ ‘ಫ್ಲೋರೈಡ್ ಇದೆ’ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಮುಂದೇನಾಗಬಹುದು

ಉತ್ತರ ಕೊಡದೆ ಅಧಿಕಾರದಿಂದಲೇ ನಂಬಿಸುತ್ತಾ ಹೋದರೆ ಮೊದಲು ಸೋಲುವುದು ಎಚ್ಚರಿಕೆಗಳು. ಡ್ಯಾಂನಿಂದ ಭಾರಿ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ಮುಳುಗುತ್ತದೆ. ‘ಹೋದ ಸಲವೂ ಹೀಗೇ ಹೆದರಿಸಿದ್ರು, ಏನೂ ಆಗಲಿಲ್ಲ’ ಎಂದು ದಾಟಲು ಹೋಗುವವರಿಗೆ, ಎಷ್ಟು ಕ್ಯುಸೆಕ್ ಬಂದರೆ ಸೇತುವೆ ಯಾಕೆ ಮುಳುಗುತ್ತದೆ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ. ಲಸಿಕೆಯಲ್ಲೂ ಅಷ್ಟೇ. ಎರಡು ದಿನ ಜ್ವರ ಬರಬಹುದು, ದೇಹ ಎಚ್ಚೆತ್ತಿದೆ ಎಂದರ್ಥ ಎಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿದ ಮನೆಯಲ್ಲಿ ಜ್ವರ ಬಂದಾಗ ಗಾಬರಿ ಆಗುವುದಿಲ್ಲ. ‘ಏನೂ ಆಗಲ್ಲ’ ಎಂದು ಹೇಳಿದ ಮನೆಯಲ್ಲಿ ಅದೇ ಜ್ವರ ಮುಂದಿನ ಡೋಸನ್ನು ತಪ್ಪಿಸುತ್ತದೆ.

ಉತ್ತರ ಕೊಡಲು ಹೊರಟರೆ ತಜ್ಞರಿಗೂ ತೊಂದರೆ ಇದೆ. ಅಂದಾಜನ್ನು ಅಂದಾಜು ಎಂದು ಒಪ್ಪಿಕೊಂಡ ಮರುದಿನ ಯಾರೋ ಅದನ್ನೇ ಹಿಡಿದು ‘ನೋಡಿ, ಇವರಿಗೇ ಗೊತ್ತಿಲ್ಲ’ ಎಂದು ವಿಡಿಯೊ ಮಾಡುತ್ತಾರೆ. ಈ ಭಯ ನಿಜವಾದದ್ದೇ. ಆ ವಿಡಿಯೊ ನೋಡುವವರಿಗೆ ಅಂದಾಜಿಗೂ ಸುಳ್ಳಿಗೂ ವ್ಯತ್ಯಾಸ ಗೊತ್ತಿರಬೇಕು. ಅದನ್ನು ಕಲಿಯುವ ವಯಸ್ಸು ಏಳನೇ ಕ್ಲಾಸು. ಟಿಎಂಸಿಯನ್ನು ಮೊಳಕ್ಕೆ ಇಳಿಸಿದ ಆ ಗುಣಾಕಾರದಂಥದ್ದನ್ನು ಮಾಡಿಸಬೇಕಾದದ್ದೂ ಆಗಲೇ.

ಹೊಸ ಗೇಟುಗಳ ವಿಷಯದಲ್ಲೂ ಮಕ್ಕಳು ಕೇಳಬಹುದಾದ ಪ್ರಶ್ನೆ ಒಂದಿದೆ. ಇವುಗಳ ಚೈನನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಇದಕ್ಕೆ ಕಾನೂನಿನಲ್ಲೇ ಉತ್ತರವಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಆಗಬೇಕು. ಕಾಯ್ದೆ 2024ರಲ್ಲೂ ಇತ್ತು. ಗೇಟು ಹೋದದ್ದು ಆಗಸ್ಟ್‌ನಲ್ಲಿ, ಮಳೆಗಾಲದ ನಡುವೆ. ಹಾಗಾದರೆ ಆ ವರ್ಷ ಮಳೆಗಾಲಕ್ಕೆ ಮುಂಚಿನ ತಪಾಸಣೆಯಲ್ಲಿ 19ನೇ ಗೇಟಿನ ಚೈನಿನ ಎದುರು ಏನು ಬರೆದಿದ್ದರು ರೀ ಸರ?